ಗಾಡಿ ಕೆಟ್ಟಿರಲಿಲ್ಲ

ಎರಡನೇ ಡೋಸ್ ಹಾಕಿಸಿಕೊಂಡು ಎರಡು ತಿಂಗಳಾದ ಮೇಲೆ ನಾನು ಮೊದಲ ಸಲ ಒಂದು ಮದುವೆಗೆ ಹೋದೆ. ರಾಣೆಬೆನ್ನೂರಿನಲ್ಲಿ, ಹಲಗೇರಿ ಕಡೆ ಹೋಗುವ ರಸ್ತೆಯ ಒಂದು ಮಂಟಪದಲ್ಲಿ, ನನ್ನ ಜೊತೆಗೆ ಕೆಲಸ ಮಾಡುವ ಶಿಕ್ಷಕಿಯ ಮಗಳ ಮದುವೆ. ನಾನು ಕರ್ಜಗಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವವಳು. ಮನೆ ಹಾವೇರಿಯಲ್ಲಿ. ಅದಕ್ಕೂ ಮುಂಚೆ ನಾಲ್ಕೈದು ಕರೆ ಬಂದಿದ್ದವು. ತೊಟ್ಟಿಲ ಕಾರ್ಯ, ಗೃಹಪ್ರವೇಶ, ಒಂದು ನಿಶ್ಚಿತಾರ್ಥ. ಏನೋ ಒಂದು ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಶಾಲೆಯಲ್ಲಿ ಎಲ್ಲರೂ ನನಗಿನ್ನೂ ಕೊರೋನಾ ಅಂಜಿಕೆ ಹೋಗಿಲ್ಲ ಎಂದುಕೊಂಡಿದ್ದರು. ನಾನೂ ಅವರು ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ.

ನಿಜ ಹೇಳಬೇಕೆಂದರೆ ಲಸಿಕೆ ಬಂದಾಗ ಅಂಜಿಕೆ ಬಿಡಿಸುವ ಕೆಲಸ ನನ್ನದೇ ಆಗಿತ್ತು. ಶಿಬಿರ ನಮ್ಮ ಶಾಲೆಯಲ್ಲೇ ನಡೆಯಿತು. ನಾನು ಮೇಜಿನ ಹಿಂದೆ ಕುಳಿತು ಹೆಸರು, ಆಧಾರ್ ನಂಬರ್ ಬರೆದುಕೊಳ್ಳುತ್ತಿದ್ದೆ. ಸೂಜಿ ನೋಡಿ ಹಿಂದೆ ಸರಿಯುವವರಿಗೆ, "ಏನೂ ಆಗಂಗಿಲ್ಲ, ಅಂಜಬ್ಯಾಡ್ರಿ" ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಒಬ್ಬ ಮುದುಕಿ ಬೆಂಚಿನ ಮೇಲೆ ಕುಳಿತವಳು ನನ್ನನ್ನೇ ನೋಡಿ, "ಅಂಜಬ್ಯಾಡಂತ ಹೇಳೂದು ಸಸಾರ ಐತಿ ಅಕ್ಕೋರ. ನಿಮಗ ಅಂಜಿಕಿನ ಇಲ್ಲೇನು?" ಎಂದಳು. ನಾನು ನಗಲು ಹೋದೆ. ಬಾಯಿಗೆ ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಮದುವೆಯಲ್ಲಿ ಜನ ಮೊದಲಿನಂತೆಯೇ ಇದ್ದರು. ಯಾರ ಬಾಯಿಗೂ ಮಾಸ್ಕ್ ಇರಲಿಲ್ಲ. ಒಬ್ಬಿಬ್ಬರು ಗದ್ದಕ್ಕೆ ಇಳಿಬಿಟ್ಟಿದ್ದರು. ಕುಂಕುಮ ಕೊಡಲು ಬಂದ ಹೆಂಗಸು ನನ್ನ ಕೈ ಹಿಡಿದಾಗ ನನ್ನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಅವಳು ಏನೂ ಅಂದುಕೊಳ್ಳಲಿಲ್ಲ. "ಎಲ್ಲಾರೂ ಹಿಂಗ ಆಗ್ಯಾರ ಬಿಡ್ರಿ" ಎಂದಳು. ಊಟದ ಸಾಲಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತೆವು. ನನ್ನ ಪಕ್ಕ ಬಂದು ಕುಳಿತವಳು ಹಾವೇರಿಯವಳೇ. ಮುಖ ಪರಿಚಯ ಇತ್ತು.

"ನಿಮ್ಮ ಬಾಜೂ ಮನಿ ಟೇಲರ್ ಭಾಭಿ ಈಗ ಬ್ಯಾಡಗಿ ಒಳಗ ಅದಾಳಂತಲ್ರಿ. ಅಣ್ಣನ ಮನ್ಯಾಗ. ಅಲ್ಲೇ ಹೊಲೀತಾಳಂತ. ಆಕಿ ಹೊಲದ ಜಂಪರ್ ಹಾಕ್ಕೊಂಡ ಮ್ಯಾಲ ಮತ್ತೊಬ್ರು ಹೊಲದದ್ದು ನನಗ ಕುಂದ್ರವಲ್ದು ನೋಡ್ರಿ."

"ಹೌದ್ರೀ?" ಎಂದೆ.

"ಪಾಪ, ಗಂಡ ಹೋದಾಗ ನೀವರ ಇದ್ರಿ ಬಾಜೂಕ. ಭಾಳ ಆಸರಾಗಿರಬೇಕು ಆಕಿಗೆ."

ಎಲೆಯ ಮೇಲೆ ಬಡಿಸಿದ ಅನ್ನದಿಂದ ಹಬೆ ಏಳುತ್ತಿತ್ತು. ನಾನು "ಹೂಂ" ಎಂದೆ.

ಊಟ ಮುಗಿಸದೆ ಎದ್ದು ಕೈ ತೊಳೆದುಕೊಂಡೆ. ಹಾವೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಊರು ಮುಟ್ಟುವವರೆಗೂ ಹೊರಗೇ ನೋಡುತ್ತಿದ್ದೆ.

ಏನು ನಡೆದಿತ್ತೆಂದು ಈಗ ಹೇಳಬೇಕು.

ಭಾಭಿಯ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಹದಿನೇಳು ವರ್ಷ ಆ ಗೋಡೆಯ ಆಚೆ ಈಚೆ ನಿಂತು ಮಾತಾಡಿದ್ದೇವೆ. ಅವಳ ಗಂಡ ಬಸ್‌ಸ್ಟ್ಯಾಂಡ್ ಹತ್ತಿರ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಮಾತು ಕಡಿಮೆ, ಕಣ್ಣು ಚಿಕ್ಕದು ಮಾಡಿ ನೋಡುವ ಅಭ್ಯಾಸ. ಒಬ್ಬಳೇ ಮಗಳು, ಆಗ ಡಿಗ್ರಿ ಓದುತ್ತಿದ್ದಳು. ಭಾಭಿ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ನಮ್ಮ ಓಣಿಗೆ ನಳದ ನೀರು ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಯಾವ ಹೊತ್ತಿಗೆ ಬಂದರೂ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೆ. "ನಳಾ ಬಂತ್ರೀ ಅಕ್ಕೋರ!" ಎಂದು ಕೂಗುತ್ತಿದ್ದಳು. ನಾನು ಶಾಲೆಗೆ ಹೋಗಿದ್ದರೆ ಗೋಡೆಯ ಮೇಲಿಂದ ಪೈಪು ಹಾಕಿ ನಮ್ಮ ಟಾಕಿಯನ್ನೂ ತುಂಬಿಸಿಡುತ್ತಿದ್ದಳು.

ಎರಡನೇ ಅಲೆಯ ಬೇಸಿಗೆಯಲ್ಲಿ ಅವಳ ಗಂಡನಿಗೆ ಜ್ವರ ಬಂತು. ನಾಲ್ಕು ದಿನ ಕೆಮ್ಮು ಗೋಡೆಯಾಚೆಯಿಂದ ಕೇಳುತ್ತಿತ್ತು. ನನ್ನ ಯಜಮಾನರಿಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಹೃದಯಕ್ಕೆ ಸ್ಟೆಂಟ್ ಹಾಕಿಸಿ ವರ್ಷವಾಗಿತ್ತು. ಅವರಿಗೆ ಇನ್ನೂ ಲಸಿಕೆ ಸಿಕ್ಕಿರಲಿಲ್ಲ. ನಾನು ಆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟೆ. ಬಿಸಿಲಿಗೆ ಮನೆ ಒಲೆಯಂತೆ ಕಾಯುತ್ತಿತ್ತು.

ಐದನೇ ದಿನ ಮಧ್ಯಾಹ್ನ ಗೇಟಿನ ಕೊಂಡಿ ಸಪ್ಪಳವಾಯಿತು. ಭಾಭಿ ಹೊರಗೇ ನಿಂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಒಳಗೆ ಬರಲಿಲ್ಲ. ಅಲ್ಲಿಂದಲೇ ಕೂಗಿದಳು.

"ಅಕ್ಕೋರ, ಇವರಿಗೆ ಉಸಿರು ಹತ್ತವಲ್ದು. ಆಂಬುಲೆನ್ಸಿಗೆ ಫೋನ್ ಹಚ್ಚೇನಿ, ಎಲ್ಲಾ ಗಾಡಿ ಹೊರಗ ಹೋಗ್ಯಾವು, ಎರಡು ತಾಸು ಆಕ್ಕತಿ ಅಂತಾರ. ಸರ್‌ಗೆ ಹೇಳ್ರಿ, ದವಾಖಾನಿತನಕ ಬಿಟ್ರ ಸಾಕು. ನಾವು ಹಿಂದ ಕುಂದರ್ತೇವಿ, ಕಿಟಕಿ ಕಾಚ್ ಎಲ್ಲಾ ತಗದು."

ನಮ್ಮ ಹತ್ತಿರ ಹಳೆಯದೊಂದು ಕಾರು ಇತ್ತು. ಓಣಿಯಲ್ಲಿ ಕಾರಿದ್ದದ್ದು ನಮಗಷ್ಟೇ. ನನ್ನ ಯಜಮಾನರು ಆಗಲೇ ಎದ್ದು ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡಿದ್ದರು. ನಾನು ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ಎನ್ನುತ್ತೇನೆ, ಆದರೆ ಅವರು ಬಿಗಿಯಾಗಿ ಹಿಡಿದಿರಲಿಲ್ಲ. ಕಿಟಕಿಯನ್ನು ನಾಲ್ಕು ಬೆರಳು ಮಾತ್ರ ತೆರೆದು ಹೇಳಿದೆ:

"ಗಾಡಿ ಕೆಟ್ಟೈತಿ ಭಾಭಿ. ಬ್ಯಾಟರಿ ಇಳದೈತಿ. ಚಾಲೂ ಆಗವಲ್ದು."

"ಹೌದ್ರೀ?"

"ಹೂಂ ಭಾಭಿ."

ಅವಳು ಶೆಡ್ಡಿನಲ್ಲಿದ್ದ ಗಾಡಿಯ ಕಡೆ ನೋಡಿದಳು. "ಇರ್ಲಿ ಬಿಡ್ರಿ" ಎಂದು ಓಡುತ್ತಾ ಹೋದಳು. ಅರ್ಧ ತಾಸಿನ ಮೇಲೆ ತರಕಾರಿ ಮಾರುವ ಒಂದು ಸಣ್ಣ ಟೆಂಪೋ ಬಂತು. ಪರದೆಯ ಸಂದಿಯಿಂದ ನೋಡಿದೆ. ಹಿಂದಿನ ತೆರೆದ ಭಾಗದಲ್ಲಿ ಭಾಭಿ ಕುಳಿತು ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಗಳು ಬಿಸಿಲು ತಾಗದಂತೆ ಎರಡೂ ಕೈಯಿಂದ ಚಾದರ ಹಿಡಿದು ನಿಂತಿದ್ದಳು. ಟೆಂಪೋ ತಿರುವಿನಲ್ಲಿ ಓಲಾಡಿದಾಗ ಆ ಹುಡುಗಿ ಬೀಳುವಂತಾಗಿ ಮತ್ತೆ ನೆಟ್ಟಗೆ ನಿಂತಳು.

ದವಾಖಾನೆ ಸೇರಿದ ಐದನೇ ದಿನ ಭಾಭಿಯ ಗಂಡ ತೀರಿಕೊಂಡರು.

ಮನೆಯಲ್ಲಿ ಈ ಬಗ್ಗೆ ನಾವಿಬ್ಬರೂ ಮಾತೇ ತೆಗೆಯಲಿಲ್ಲ. ಮುಂದೆ ಹದಿನಾಲ್ಕು ದಿನ ಭಾಭಿ, ಮಗಳು ಹೊರಗೆ ಬರುವಂತಿರಲಿಲ್ಲ. ನಾನು ರೊಟ್ಟಿ, ಪಲ್ಯ, ಅನ್ನ ಸಾರು ಡಬ್ಬಿಗೆ ಹಾಕಿ ಗೋಡೆಯ ಮೇಲೆ ಇಡುತ್ತಿದ್ದೆ. ಸಂಜೆ ಡಬ್ಬಿ ತೊಳೆದು, ಬೋರಲು ಹಾಕಿ ಅಲ್ಲೇ ಇಟ್ಟಿರುತ್ತಿದ್ದಳು. ಅವಳು ಊಟವನ್ನು ಬೇಡವೆಂದಿದ್ದರೆ, ಬೈದಿದ್ದರೆ, ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಒಂದು ತಿಂಗಳ ಮೇಲೆ ಬ್ಯಾಡಗಿಯಿಂದ ಅವಳ ಅಣ್ಣ ಬಂದು ಸಾಮಾನು ತುಂಬಿಸಿದ. ಹೊರಡುವ ಮುಂಚೆ ಭಾಭಿ ಗೋಡೆ ಹತ್ತಿರ ಬಂದು ಎರಡು ಜಂಪರ್ ಕೊಟ್ಟಳು. ಲಾಕ್‌ಡೌನಿಗೆ ಮುಂಚೆ ನಾನು ಹೊಲಿಯಲು ಕೊಟ್ಟವು. ಹುಕ್ಕು, ಕಾಜು ಎಲ್ಲ ಮುಗಿಸಿದ್ದಳು. "ಬರ್ತೇನ್ರಿ ಅಕ್ಕೋರ" ಎಂದಳು. ಅಷ್ಟೇ.

ರಾಣೆಬೆನ್ನೂರಿನ ಮದುವೆಯಿಂದ ಬಂದ ಮೇಲೆ ಊಟಕ್ಕೆ ಪಕ್ಕ ಕುಳಿತ ಆ ಹೆಂಗಸಿನ ಮಾತು ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ಮಕ್ಕಳು "ಅಕ್ಕೋರ" ಎಂದು ಕರೆದರೂ ಬೆಚ್ಚುತ್ತಿದ್ದೆ. ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಜನ ನನ್ನನ್ನು ಒಳ್ಳೆಯವಳೆಂದು ಹೇಳಿಕೊಳ್ಳುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಒಂದು ರವಿವಾರ, ಯಜಮಾನರಿಗೆ ಹೇಳದೆ ಬ್ಯಾಡಗಿ ಬಸ್ ಹತ್ತಿದೆ.

ಮೆಣಸಿನಕಾಯಿಯ ಸುಗ್ಗಿ. ಊರು ಬರುವುದಕ್ಕೆ ಮುಂಚೆಯೇ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಕಂಡಕ್ಟರ್ ಟಿಕೆಟ್ ಕೊಡುತ್ತಲೇ ಮೂರು ಸಲ ಸೀನಿದ. ಅಜ್ಜನೊಬ್ಬ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, "ಈ ಸಲ ಮಾಲು ಚಲೋ ಬಂದೈತಿ" ಎಂದು ಖುಷಿಯಿಂದ ಹೇಳಿದ. ಎಲ್ಲರೂ ನಕ್ಕರು. ನನಗೂ ಕೆಮ್ಮು ಬಂತು, ತಡೆದುಕೊಳ್ಳಲಾಗದಷ್ಟು. ಎಂಟು ತಿಂಗಳ ಹಿಂದೆ ಗೋಡೆಯಾಚೆಯ ಕೆಮ್ಮು ಕೇಳಿ ಕಿಟಕಿ ಮುಚ್ಚಿದವಳು ಈಗ ಇಷ್ಟು ಕೆಮ್ಮುವವರ ನಡುವೆ ಕುಳಿತಿದ್ದೆ. ಯಾರೂ ನನ್ನನ್ನು ಬಿಟ್ಟು ದೂರ ಸರಿಯಲಿಲ್ಲ.

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದೆ. ಬಾಗಿಲು ತೆಗೆದದ್ದು ಮಗಳು. ಸೊರಗಿದ್ದಳು. ನನ್ನನ್ನು ನೋಡಿ ಒಳಗೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದಳು. ಒಳಗೆ ಮಷಿನಿನ ಸಪ್ಪಳ ನಿಂತಿತು.

"ಬರ್ರಿ ಅಕ್ಕೋರ, ಕುಂದ್ರಿ" ಎಂದಳು ಭಾಭಿ. ಕುರ್ಚಿಯ ಮೇಲಿನ ಅರಿವೆ ಎತ್ತಿ ಜಾಗ ಮಾಡಿದಳು. ಮಗಳಿಗೆ ಚಹಾ ಇಡಲು ಹೇಳಿದಳು. ಸರ್ ಹೇಗಿದ್ದಾರೆ, ಸೂಜಿ ಆಯಿತೇ, ಶಾಲೆ ಪೂರಾ ಚಾಲೂ ಆಯಿತೇ, ನಳಾ ಸರಿಯಾಗಿ ಬರುತ್ತದೆಯೇ ಎಂದೆಲ್ಲ ಕೇಳಿದಳು. ಎಲ್ಲದಕ್ಕೂ ಉತ್ತರ ಕೊಟ್ಟೆ. ಅವಳು ಮತ್ತೆ ಮಷಿನಿನ ಮುಂದೆ ಕುಳಿತು ಒಂದು ಲಂಗದ ಅಂಚು ಮಡಚತೊಡಗಿದಳು. ಚಹಾ ಬಂತು. ನಾನು ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ:

"ಭಾಭಿ, ಆವತ್ತ ಗಾಡಿ ಕೆಟ್ಟಿರ್ಲಿಲ್ಲ."

ಅವಳು ತಲೆ ಎತ್ತಲಿಲ್ಲ. "ಗೊತ್ತೈತ್ರಿ" ಎಂದಳು.

ಲಂಗದ ಅಂಚಿಗೆ ಇನ್ನೊಂದು ಮಡಿಕೆ ಹಾಕಿದಳು.

"ಮರದಿನಾ ಮುಂಜಾನೆ ಅರಿವಿ ಒಯ್ಯಾಕ ದವಾಖಾನಿಯಿಂದ ಮನಿಗೆ ಬಂದಿದ್ದೆ. ಶೆಡ್ಡಿನ್ಯಾಗ ಗಾಡಿ ಚಾಲೂ ಇತ್ತು. ಸರ್ ಒಳಗ ಕುಂತಿದ್ರು. ರಿಪೇರಿ ಆಗಿರಬೇಕು ಅಂದ್ಕೊಂಡೆ. ತಿರಗಿ ದವಾಖಾನಿಗೆ ಹೋಗೂ ಮುಂದ ಹೊಳೀತು. ಲಾಕ್‌ಡೌನ್ ಒಳಗ, ರಾತ್ರೋರಾತ್ರಿ, ಎಲ್ಲಿ ಮೆಕ್ಯಾನಿಕ್ ಬರ್ತಾನ?"

"ನನಗ ಅಂಜಿಕಿ ಬಂದಿತ್ತು ಭಾಭಿ. ಇವರದು ಹಾರ್ಟು..."

"ಅಂಜಿಕಿ ಬಂದೈತಿ ಅಂತನ ಹೇಳಬೇಕಿತ್ತು. ನನಗ ತಿಳೀತಿತ್ತು." ಅವಳು ಲಂಗವನ್ನು ಮಷಿನಿನ ಮೇಲೆ ಬಿಟ್ಟಳು. "ನಾನೂ ಅಂಜಿದ್ದೆ ಅಕ್ಕೋರ. ಮೊದಲ ಎರಡು ದಿನ ಅವರ ಖೋಲಿಗೆ ಹೋಗಲಿಲ್ಲ. ತಾಟು ಬಾಗಲ ಹೊರಗ ಇಟ್ಟು ಬರ್ತಿದ್ದೆ. ಸ್ವಂತ ಗಂಡ. ಇಪ್ಪತ್ತಮೂರು ವರ್ಷ ಸಂಸಾರ ಮಾಡೇನಿ. ಅವರು ಒಳಗಿಂದ, 'ಅಲ್ಲೇ ಇಡು, ಒಳಗ ಬರಬ್ಯಾಡ' ಅಂತಿದ್ರು. ಅವರು ಹಂಗ ಅಂದದ್ದಕ್ಕ ನಾ ಹೋಗಲಿಲ್ಲೋ, ನನ್ನ ಜೀವಾ ಉಳೀಲಿ ಅಂತ ಹೋಗಲಿಲ್ಲೋ, ಇವತ್ತಿಗೂ ನನಗ ಹೇಳಾಕ ಬರಂಗಿಲ್ಲ."

ಮಗಳು ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಭಾಭಿ ಅವಳಿಗೆ ಒಳಗೆ ಹೋಗು ಎಂದು ಕಣ್ಣಿನಿಂದಲೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ದನಿ ತಗ್ಗಿಸಿದಳು.

"ಒಂದ ಮಾತ ಕೇಳ್ತೇನಿ. ಖರೇ ಹೇಳ್ರಿ. ಜಡ್ಡಿಗೆ ಅಂಜಿದ್ರೋ, ಇವರು ಮುಸಲರ ಮಂದಿ ಅಂತ ಅಂಜಿದ್ರೋ?"

"ಅಯ್ಯೋ ಭಾಭಿ, ಜಡ್ಡಿಗೆ. ಆಣಿ ಮಾಡಿ ಹೇಳ್ತೇನಿ, ಜಡ್ಡಿಗೆ."

"ಆಣಿ ಬ್ಯಾಡ್ರಿ. ಕೊರೋನಾ ಬಂದ ಮೊದಲನೇ ವರ್ಷ ಹದಿನೈದು ದಿನ ನೀವು ಗ್ವಾಡಿ ಕಡೆ ಬಂದಿರ್ಲಿಲ್ಲ. ಅದು ನೆನಪಿತ್ತು. ಅದಕ್ಕ ಕೇಳಿದೆ."

ಅದು ನಿಜವಾಗಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ, ಅಥವಾ ಮರೆತಿದ್ದೇನೆ ಎಂದುಕೊಂಡಿದ್ದೆ. ಮೊದಲ ಲಾಕ್‌ಡೌನಿನ ಹೊತ್ತಿಗೆ ಟೀವಿಯಲ್ಲಿ ಹಗಲೂ ರಾತ್ರಿ ರೋಗ ಹರಡುತ್ತಿರುವವರು ಅವರ ಜನರೇ ಎಂಬ ಮಾತು. ನೋಡುತ್ತ ನೋಡುತ್ತ ನಾನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಿದ್ದೆ. ಅವಳು ಆಗ ಜ್ವರವಿಲ್ಲದೆ, ಕೆಮ್ಮಿಲ್ಲದೆ, ಗೋಡೆಯ ಆ ಕಡೆ ಒಬ್ಬಳೇ ನಿಂತು ಅರಿವೆ ಒಣಹಾಕುತ್ತಿದ್ದಳು.

"ಆವಾಗ... ಟೀವಿ ನೋಡಿ, ತಲಿ ಕೆಟ್ಟಂಗ ಆಗಿತ್ತು" ಎಂದೆ.

"ನಮ್ಮ ಮನ್ಯಾಗೂ ಟೀವಿ ಇತ್ತರಿ ಅಕ್ಕೋರ. ನಾವೂ ಅದನ್ನ ನೋಡ್ತಿದ್ವಿ."

ನನ್ನ ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು. ಅಳು ಬಂತು, ಆದರೆ ಅವಳ ಮುಂದೆ ಅಳಲು ನನಗೆ ಹಕ್ಕಿಲ್ಲ ಅನ್ನಿಸಿ ನುಂಗಿಕೊಂಡೆ. ಎಷ್ಟೋ ತಿಂಗಳು ನನ್ನೊಳಗೇ ಕೇಳಿಕೊಂಡ ಮಾತನ್ನು ಕೊನೆಗೂ ಕೇಳಿದೆ. "ಆವತ್ತ ಲಗೂ ಮುಟ್ಟಿದ್ರ ಅವರು ಉಳೀತಿದ್ರೇನು?"

ಅವಳು ಮಷಿನಿನ ಗಾಲಿಯ ಮೇಲೆ ಕೈ ಇಟ್ಟಳು.

"ಡಾಕ್ಟರ್ ಹೇಳಲಿಲ್ಲ. ನಾ ಕೇಳಲಿಲ್ಲ. ನೀವೂ ಕೇಳಬ್ಯಾಡ್ರಿ."

ಅಷ್ಟರಲ್ಲಿ ಅವಳ ಅಣ್ಣ ಮಾರ್ಕೆಟ್ಟಿನಿಂದ ಊಟಕ್ಕೆ ಬಂದ. ಅಂಗಿಯ ಮೇಲೆಲ್ಲ ಕೆಂಪು ಪುಡಿ. ನನ್ನನ್ನು ಗುರುತಿಸಿ ಬಹಳ ಸಂತೋಷಪಟ್ಟ. "ನಮ್ಮ ತಂಗಿ ಇರೂ ಊರಾಗ ಬಾಜೂಕ ಚಲೋ ಮಂದಿ ಇದ್ರು ಅಂತ ನಮಗ ಧೈರ್ಯ ಇತ್ತರಿ" ಎಂದ. ಭಾಭಿ ಅಣ್ಣನಿಗೆ ಏನೂ ಹೇಳಿರಲಿಲ್ಲ. ಅವಳು ಆಗಲೂ ಏನೂ ಹೇಳದೆ ಅಣ್ಣನಿಗೆ ಕೈ ತೊಳೆಯಲು ನೀರು ಕೊಟ್ಟಳು. ಅವನು ಊಟ ಮಾಡಿ ಹೋಗಬೇಕೆಂದು ಹಟ ಹಿಡಿದ. ಬಸ್ ತಪ್ಪುತ್ತದೆ ಎಂದೆ.

ಭಾಭಿ ಬಾಗಿಲವರೆಗೆ ಬಂದಳು. ನಾನು ಚಪ್ಪಲಿ ಮೆಟ್ಟಿಕೊಂಡು, "ಬರ್ತೇನಿ ಭಾಭಿ" ಎಂದೆ. ನಮ್ಮ ಕಡೆ ಮನೆಯಿಂದ ಹೊರಟವರಿಗೆ 'ಬರ್ರಿ ಮತ್ತ' ಎನ್ನದೆ ಯಾರೂ ಬಾಗಿಲು ಮುಚ್ಚುವುದಿಲ್ಲ.

"ಮತ್ತ ಬರ್ರಿ ಅನ್ನಾಕ ಇವತ್ತ ಬಾಯಿ ಬರವಲ್ದು ಅಕ್ಕೋರ" ಎಂದಳು. "ಸಿಟ್ಟಲ್ಲ. ಬಾಯಿ ಬರವಲ್ದು, ಅಷ್ಟ."

ಮನೆಗೆ ಬಂದು ಎಲ್ಲವನ್ನೂ ಯಜಮಾನರಿಗೆ ಹೇಳಿದೆ. ಅವರು ಪೇಪರ್ ಮಡಚಿ ಕೇಳಿಸಿಕೊಂಡರು. ಆವತ್ತಿನ ಮರುದಿನ ಮುಂಜಾನೆ ಗಾಡಿ ಚಾಲೂ ಮಾಡಿದ್ದಿರಂತಲ್ಲ, ಯಾಕೆ ಎಂದು ಕೇಳಿದೆ. ಬ್ಯಾಟರಿ ಇಳಿಯಬಾರದೆಂದು ಲಾಕ್‌ಡೌನಿನಲ್ಲಿ ವಾರಕ್ಕೊಮ್ಮೆ ಅವರು ಗಾಡಿ ಚಾಲೂ ಮಾಡಿ ಬಿಡುತ್ತಿದ್ದರು. ಅಂದು ಕೂಡ ಹಾಗೆ ಎಂದು ಹೇಳುತ್ತಾರೆ ಎಂದುಕೊಂಡಿದ್ದೆ.

"ಆಕಿ ಮನಿಗೆ ಬಂದದ್ದು ನೋಡೇ ಮಾಡಿದೆ" ಎಂದರು. "ಸಪ್ಪಳಾ ಕೇಳಿ ಇನ್ನೊಮ್ಮೆ ಬಂದು ಕೇಳ್ತಾಳೇನೋ ಅಂತ. ಕೇಳಿದ್ರ ದವಾಖಾನಿಗೆ ಬಿಡಾಕ ಹೋಗಾವ ಇದ್ದೆ. ನಾನ ಆಗಿ ಕರಿಯಾಕ ಧೈರ್ಯ ಬರ್ಲಿಲ್ಲ."

"ನನ್ನ ಮುಂದ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಕೀಲಿ ನೀ ಕಸ್ಗೊಂಡಿ, ಖರೇ. ನಾ ಬಿಟ್ಟೆ."

ಎಂಟು ತಿಂಗಳು ನಾನು ಅದನ್ನು ನನ್ನದೊಂದೇ ತಪ್ಪೆಂದು ಹೊತ್ತುಕೊಂಡಿದ್ದೆ. ಅವರೂ ತಮ್ಮದೆಂದು ಹೊತ್ತುಕೊಂಡು ನನ್ನ ಎದುರಿನ ಕುರ್ಚಿಯಲ್ಲೇ ಕುಳಿತಿದ್ದರು. ಗೊತ್ತಾದದ್ದರಿಂದ ನೆಮ್ಮದಿಯೇನೂ ಆಗಲಿಲ್ಲ. ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬಂತು. ನಾಲ್ಕು ದಿನ ನೆಟ್ಟಗೆ ಮಾತಾಡಲಿಲ್ಲ.

ಆ ವಾರ ಶನಿವಾರ ಅವರು ಕದರಮಂಡಲಗಿಯ ಹಣಮಪ್ಪನ ಗುಡಿಗೆ ಹೋಗಿ ಬರುತ್ತೇನೆ ಎಂದು ಹೊರಟರು. ಮಧ್ಯಾಹ್ನಕ್ಕೆ ಬರುವವರು ಸಂಜೆ ಬಂದರು. ಅಂಗಿಯಿಂದ ಮೆಣಸಿನಕಾಯಿ ಘಾಟು ಬರುತ್ತಿತ್ತು. "ಬ್ಯಾಡಗಿಗೂ ಹೋಗಿದ್ದೆ. ಆಕಿ ಇರ್ಲಿಲ್ಲ. ಅಣ್ಣನ ಕೂಡ ಚಹಾ ಕುಡದು ಬಂದೆ" ಎಂದರು. ಹೇಳಬೇಕಾದದ್ದನ್ನು ಹೇಳಿದಿರೇ ಎಂದು ಕೇಳಿದೆ. "ಅವನ ಮುಂದ ಹೆಂಗ ಹೇಳ್ಲಿ? ಆಕಿನ ಮುಚ್ಚಿಟ್ಟಾಳ" ಎಂದು ಸ್ನಾನಕ್ಕೆ ನೀರು ಕಾಯಲು ಇಟ್ಟರು. ಮತ್ತೊಮ್ಮೆ ಹೋದರೇ, ಇಲ್ಲವೇ, ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ಈಗ ನಾನು ಎಲ್ಲ ಕಡೆ ಹೋಗುತ್ತೇನೆ. ಕರೆದ ಮದುವೆಗೆ, ತೊಟ್ಟಿಲಿಗೆ, ಯಾರಾದರೂ ತೀರಿಕೊಂಡರೆ ಮಣ್ಣಿಗೂ. ಮಂದಿಯ ನಡುವೆ ಕುಳಿತಾಗ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗಿದೆ, ಪೂರಾ ನಿಂತಿಲ್ಲ. ಯಾರಾದರೂ ಸಹಾಯ ಕೇಳಲು ಬಂದರೆ ಅವರ ಮಾತು ಮುಗಿಯುವುದಕ್ಕೂ ಮುಂಚೆ 'ಆತು' ಎಂದುಬಿಡುತ್ತೇನೆ. ಅದು ಒಳ್ಳೆಯತನ ಅಲ್ಲವೆಂದು ನನಗೆ ಗೊತ್ತು.

ಮಳೆಗಾಲದಲ್ಲಿ ಒಂದು ದಿನ ಭಾಭಿಯ ಫೋನ್ ಬಂತು. ಮಗಳ ಡಿಗ್ರಿ ಮುಗಿದಿತ್ತು. ಬಿ.ಎಡ್ ಮಾಡಿಸಲೋ, ಬೇಡವೋ, ಮಾಡಿಸಿದರೆ ಯಾವ ಊರಲ್ಲಿ, ಕಲಿತ ಮೇಲೆ ನೌಕರಿ ಸಿಗುತ್ತದೆಯೇ ಎಂದು ಕೇಳಿದಳು. "ನಮಗ ಇದರಾಗ ತಿಳಿಯಂಗಿಲ್ಲ, ನೀವು ಅದ ಲೈನಿನ್ಯಾಗ ಅದೀರಿ" ಎಂದಳು. ನಾನು ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ್ದನ್ನು ವಿಚಾರಿಸಿ ಹೇಳುತ್ತೇನೆ ಎಂದೆ. ಅರ್ಧ ತಾಸು ಮಾತಾಡಿದೆವು. ಇಬ್ಬರೂ ಬೇರೆ ಮಾತು ತೆಗೆಯಲಿಲ್ಲ. ಕೊನೆಗೆ, "ಹುಡುಗಿ ಅಂಕಪಟ್ಟಿ ವಾಟ್ಸಾಪ್ ಮಾಡ್ತಾಳ, ನೋಡಿ ಹೇಳ್ರಿ" ಎಂದು ಫೋನ್ ಇಟ್ಟಳು. ಐದು ನಿಮಿಷದಲ್ಲಿ ಅಂಕಪಟ್ಟಿ ಬಂತು. ಕನ್ನಡದಲ್ಲಿ ಒಳ್ಳೆಯ ಅಂಕಗಳಿದ್ದವು. ಇತಿಹಾಸದಲ್ಲಿ ಕಡಿಮೆ.